ಗೇಟಿಲ್ಲದ ಜಾಗ

ವಿಲ್ಲಾರಿ
೧೦ ಮಾರ್ಚ್ ೨೦೨೪, ಭಾನುವಾರ

ಪ್ರೀತಿಯ ರೇಲೀನ್,

ಮೊದಲು ಬೈದುಬಿಡು, ಆಮೇಲೆ ಕೇಳು. ನಿನ್ನ ಪತ್ರ ಬಂದು ಐದು ವಾರ ಆಯ್ತು. ಮೂವತ್ತೊಂದು ವರ್ಷ ಫಾರಂ ಫಾರಂಗೆ ಅಂಚೆ ಗಾಡಿ ಓಡಿಸಿದವಳು ನಾನು. ಊರವರ ಪತ್ರ ಒಂದು ದಿನ ತಡವಾದ್ರೆ ನಿದ್ದೆ ಬರ್ತಿರಲಿಲ್ಲ. ನಿನಗೆ ಉತ್ತರ ಬರೆಯೋಕೆ ಐದು ವಾರ! ಮನೆಗೆ ಮಾರಿ ಊರಿಗೆ ಉಪಕಾರಿ ಅಂದ್ರೆ ನಾನೇ.

ನನ್ನ ಪತ್ರ ಇನ್ಮೇಲೆ ನಿನ್ನಕ್ಕ ಓದಿ ಹೇಳ್ತಾಳೆ ಅಂತ ಬರೆಸಿದ್ದೀಯ. ಎನಿಡ್, ನಿಮಗೂ ನಮಸ್ಕಾರ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ ಅಂತ ನಿಮ್ಮ ತಂಗಿ ಸ್ಕೂಲಲ್ಲಿದ್ದಾಗಿಂದ ಆಡಿಕೊಳ್ತಾಳೆ, ಸ್ವಲ್ಪ ಸಹಿಸ್ಕೊಳ್ಳಿ. ರೇಲೀನ್, ಔಷಧಿ ಡಬ್ಬಿಗಳ ಮೇಲೆ ಎನಿಡ್ ಇಂಚುದ್ದದ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ, ಭೂತಗನ್ನಡಿ ಹಿಡಿದು ಅದನ್ನ ನೀನೇ ಓದ್ಕೊಳ್ತೀಯ ಅಂತ ಕೇಳಿ ಸಮಾಧಾನ ಆಯ್ತು. ನಿನಗೆ ಮೊದಲಿಂದಲೂ ಇನ್ನೊಬ್ಬರ ಕೈಲಿ ಮಾಡಿಸ್ಕೊಳ್ಳೋದು ಅಂದ್ರೆ ಆಗಲ್ಲ.

ನಿನ್ನ ಪತ್ರದಲ್ಲಿ ಇದ್ದ ದೊಡ್ಡ ಮಾತು ಎರಡೇ. ಆದರೆ ಒಂದು ವಾರ ನನಗೆ ಊಟ ಸೇರಲಿಲ್ಲ. ಡಾಕ್ಟರು ನಿನ್ನ ಕಣ್ಣಿನ ನಡುವಿನ ನೋಟ ಹೋಗ್ತಿದೆ, ಬರೋ ವರ್ಷಕ್ಕೆ ಅಂಚಿನದು ಅಷ್ಟಿಷ್ಟು ಉಳಿದರೆ ಪುಣ್ಯ ಅಂದ್ರಂತೆ. ಅದಕ್ಕೇ ಈ ಮೇ ತಿಂಗಳು ಬರ್ತೀನಿ, ಉಲ್ಕೆಗಳು ಸುರಿಯೋದನ್ನ ಇನ್ನೊಂದು ಸಲ ನೋಡಬೇಕು ಅಂದೆ. ಎಂಟು ವರ್ಷದಿಂದ ಪ್ರತಿ ಏಪ್ರಿಲಿನಲ್ಲೂ ಕರೀತಾನೇ ಇದ್ದೆ. ನೀನು ಕ್ರಿಸ್ಮಸ್ಸಿಗೆ ಒಂದು ಕಾರ್ಡು ಕಳಿಸಿ ಸುಮ್ಮನಾಗ್ತಿದ್ದೆ. ಈಗ ಬರ್ತೀನಿ ಅಂದಾಗ ಅಡುಗೆಮನೆಯಲ್ಲಿ ನಿಂತು ಕಾಗದ ಹಿಡ್ಕೊಂಡು ಅತ್ತೆ ಕಣೇ. ಅರವತ್ತೆಂಟರ ಮುದುಕಿ ಅಳೋದು ನೋಡೋಕೆ ಚೆನ್ನಾಗಿರಲ್ಲ. ಪುಣ್ಯಕ್ಕೆ ನೋಡೋಕೆ ಯಾರೂ ಇರಲಿಲ್ಲ.

ಎರಡನೇ ಮಾತು ಜಾಗದ್ದು. ‘ಪೂರ್ವ ದಿಕ್ಕು ಬಯಲಾಗಿರಬೇಕು, ಎಲ್ಲೂ ದೀಪ ಇರಬಾರದು, ನಮ್ಮ ಗುಡ್ಡ ಬೇಡ. ದಾರೀಲಿ ಗೇಟಿರಬಾರದು.’

ಯಾಕೆ ಅಂತ ನಾನು ಕೇಳಲ್ಲ. ಎಂಟು ವರ್ಷದ ಹಿಂದೆ ಆವತ್ತು ಬೆಳಗಿನ ಜಾವ ನಾವಿಬ್ಬರೂ ಬೇರೆ ಬೇರೆ ಗಾಡೀಲಿ ಗುಡ್ಡದಿಂದ ಇಳಿದ ಮೇಲೆ ಗೇಟು ತೆರೆದೇ ಉಳೀತು. ನಿಮ್ಮ ಕರಿ ಹೋರಿಗಳು ಡಾಂಬರು ರಸ್ತೆಗೆ ಬಂದ್ವು. ನಿನ್ನ ಕ್ಲೆಮ್ ಕತ್ತಲೆ ಹರಿಯೋ ಮುಂಚೆ ಮನೆಯಿಂದ ಪಿಕಪ್ ತಗೊಂಡು ಹೊರಟ, ಅರ್ಧ ಮೈಲಿ ಹೋಗಲಿಲ್ಲ, ಹೋರಿಗೆ ಗುದ್ದಿದ. ‘ಗ್ಲೆನಿಸ್ ಹಿಂದೆ ಬರ್ತಾಳೆ ಅಂತ ತೆರೆದು ಬಿಟ್ಟೆ, ಅವಳು ತೊರೆ ದಾರಿ ಹಿಡಿದಿದ್ದಳು, ಒಂದ್ಸಲ ತಿರುಗಿ ನೋಡಬೇಕಿತ್ತು’ ಅಂತ ನೀನು ಗಂಡನ ಶವಪೆಟ್ಟಿಗೆ ಮುಂದೆ ನಿಂತು ಬಂದವರಿಗೆಲ್ಲ ಹೇಳ್ತಿದ್ದದ್ದು ನನ್ನ ಕಿವೀಲಿ ಇನ್ನೂ ಇದೆ. ಆಮೇಲೆ ಫಾರಂ ಮಾರಿ ಸಮುದ್ರದ ಕಡೆ ಅಕ್ಕನ ಮನೆಗೆ ಹೋಗಿಬಿಟ್ಟೆ. ಬಿಡು, ಈ ವಿಷಯ ಬೇಡ.

ಜಾಗ ಹುಡುಕ್ತಿದೀನಿ. ಆದರೆ ಮಾರಾಯ್ತಿ, ಗೇಟಿಲ್ಲದ ಜಾಗ ಕೇಳೋದಕ್ಕೆ ನಿನಗೆ ಬೇರೆ ಊರು ಸಿಗಲಿಲ್ವಾ? ಇಲ್ಲಿ ಮನುಷ್ಯರಿಗಿಂತ ಗೇಟುಗಳೇ ಜಾಸ್ತಿ. ಮೊದಲು ಕೀತ್ ಷಿರ್ಮರನ ಕೆರೆ ಏರಿಗೆ ಹೋದೆ. ಮೂರು ಗೇಟು. ಏರಿ ಚೆನ್ನಾಗಿದೆ, ಪೂರ್ವಕ್ಕೆ ಬಯಲೋ ಬಯಲು. ಆದರೆ ಕೀತ್ ಹೊಸ ಕೊಟ್ಟಿಗೆ ಕಟ್ಟಿಸಿ ಅದರ ನೆತ್ತಿ ಮೇಲೆ ಜೈಲಿನಲ್ಲಿರೋ ಥರ ದೀಪ ಹಾಕಿಸಿದಾನೆ.

‘ಯಾಕಪ್ಪಾ ಇದು?’ ಅಂದೆ.

‘ಕಳ್ಳರು ಬರ್ತಾರೆ.’

‘ನಿನ್ನ ಹತ್ರ ಕದಿಯೋಕೆ ಏನಿದೆ?’

‘ದೀಪ ಇದೆಯಲ್ಲ’ ಅಂದ! ಅವನ ಜೊತೆ ಏನು ಮಾತಾಡ್ತೀಯ.

ಅವನಿಗೆ ಆವತ್ತು ಸಿಟ್ಟು ನೆತ್ತಿಗೇರಿತ್ತು. ಮನೆಯಂಥ ಕ್ಯಾರವಾನ್ ಗಾಡಿ ಎಳ್ಕೊಂಡು ಊರೂರು ತಿರುಗೋ ಯಾರೋ ಗಂಡ ಹೆಂಡತಿ ಅವನ ತೆರೆದಿಟ್ಟ ಗೇಟನ್ನ ಉಪಕಾರ ಮಾಡೋಕೆ ಹೋಗಿ ಮುಚ್ಚಿಬಿಟ್ಟಿದ್ರಂತೆ. ಕುರಿಗಳಿಗೆ ನೀರಿನ ತೊಟ್ಟಿ ಸಿಗದೆ ಎರಡು ದಿನ ಬಾಯಿ ಬಿಟ್ಕೊಂಡು ನಿಂತಿದ್ವು. ‘ಗ್ಲೆನಿಸ್, ನೀನು ಅಂಚೆಯವಳು, ನೀನೇ ಹೇಳು ಇವರಿಗೆ’ ಅಂತ ನನ್ನನ್ನ ಅವರ ಮುಂದೆ ತಂದು ನಿಲ್ಲಿಸಿದ. ನಾನೂ ಮೇಡಂ ಥರ ಪಾಠ ಮಾಡಿದೆ. ತೆರೆದಿದ್ರೆ ತೆರೆದೇ ಬಿಡಿ, ಮುಚ್ಚಿದ್ರೆ ಮುಚ್ಚಿ ಹೋಗಿ, ಕಂಡ ಹಾಗೇ ಬಿಡಬೇಕು. ಇಬ್ಬರು ಮೂವರು ಒಟ್ಟಿಗೆ ಹೊರಟಿದ್ರೆ ಮಾತ್ರ ಮುಂದಿನವರು ಗೇಟು ತೆರೆದಿಟ್ಟು ಹೋಗ್ತಾರೆ, ಕೊನೆಯವರು ಇಳಿದು ಮುಚ್ತಾರೆ. ಆ ಹೆಂಗಸು ‘ಕೊನೆಯವರು ನಾವೇ ಅಂತ ಹೇಗೆ ಗೊತ್ತಾಗತ್ತೆ?’ ಅಂದಳು. ಗಾಡಿ ಹತ್ತಿ ಮನೆಗೆ ಬಂದೆ.

ಇನ್ನೂ ಹುಡುಕ್ತೀನಿ. ನೀನು ಮಾತ್ರ ಮನಸ್ಸು ಬದಲಾಯಿಸಬೇಡ.

ನಿನ್ನ,
ಗ್ಲೆನಿಸ್

*

ವಿಲ್ಲಾರಿ
೨೧ ಏಪ್ರಿಲ್ ೨೦೨೪, ಭಾನುವಾರ

ಪ್ರೀತಿಯ ರೇಲೀನ್,

ಮತ್ತೆ ತಡ. ಈ ಸಲ ಕಾರಣ ಇದೆ. ಈ ಪತ್ರ ನಾಲ್ಕು ಸಲ ಬರೆದೆ, ನಾಲ್ಕು ಸಲ ಒಲೆಗೆ ಹಾಕಿದೆ. ಇದು ಐದನೇದು.

ಮೊದಲು ಊರ ಸುದ್ದಿ. ಮಳೆ ಇಲ್ಲ. ಅಂಗಡಿಯ ಪೆಟ್ರೋಲ್ ಪಂಪು ಮತ್ತೆ ಕೆಟ್ಟಿದೆ. ಕ್ವಾಂಡಾಂಗ್ ಹಣ್ಣು ಹೋದ ವರ್ಷ ಸಿಕ್ಕಾಪಟ್ಟೆ ಬಿಟ್ಟಿತ್ತು. ಒಣಗಿಸಿಟ್ಟಿದ್ದರಲ್ಲಿ ಜಾಮು ಮಾಡಿ ಆರು ಬಾಟಲಿ ತುಂಬಿದೀನಿ. ಒಬ್ಬಳಿಗೆ ಆರು ಬಾಟಲಿ ಯಾಕೆ ಅಂತ ಕೇಳಬೇಡ. ಕೈಗೆ ಅಭ್ಯಾಸ, ನಿಮ್ಮಿಬ್ಬರಿಗೆ ಮೂರು ಬಾಟಲಿ ನನಗೆ ಮೂರು ಬಾಟಲಿ ಅನ್ನೋ ಲೆಕ್ಕದಲ್ಲೇ ಮಾಡುತ್ತೆ.

ಜಾಗದ ಕಥೆ ಕೇಳು. ಹಳೇ ರೈಲು ಕಟ್ಟೆ ನೆನಪಿದೆಯಲ್ಲ? ಹಳಿ ಕಿತ್ತ ಮೇಲೆ ಬೇಲಿಯೂ ಇಲ್ಲ, ಗೇಟೂ ಇಲ್ಲ. ಸಿಕ್ಕಿತು ಅಂತ ಕುಣಿದುಬಿಟ್ಟೆ. ಪೂರ್ವ ಎಷ್ಟು ಕಾಣತ್ತೆ ಅಂತ ನೋಡೋಕೆ ಹಗಲಲ್ಲೇ ಹೋಗಿ, ಕಟ್ಟೆ ಪಕ್ಕದ ಮಣ್ಣು ರಸ್ತೇಲಿ ಅಂಗಾತ ಮಲಗಿದೆ. ಕೈ ಚಾಚಿ ಮುಷ್ಟಿ ಇಟ್ಟು ದಿಗಂತದಿಂದ ಮರದ ತುದಿವರೆಗೆ ಅಳೀತಿದ್ದೆ. ಅಷ್ಟರಲ್ಲಿ ರಸ್ತೆ ಕೆಲಸದ ಲೆಸ್ಟರ್ ಲಾರಿ ನಿಲ್ಲಿಸಿ ತಲೆ ಹೊರಗೆ ಹಾಕಿದ.

‘ಗ್ಲೆನಿಸ್, ಸತ್ತಿದ್ದೀಯಾ?’

‘ಇನ್ನೂ ಇಲ್ಲ.’

‘ಹಾಗಾದ್ರೆ ಸ್ವಲ್ಪ ಪಕ್ಕಕ್ಕೆ ಮಲ್ಕೋ. ನಾನು ದಾಟಬೇಕು.’

ಮರಗಳು ನಾಲ್ಕು ಮುಷ್ಟಿ ಎತ್ತರ ಬೆಳೆದಿವೆ ಕಣೇ. ಅರ್ಧ ಆಕಾಶ ನುಂಗಿ ಕೂತಿವೆ. ಮೇಲಾಗಿ ಮೇ ಬಂದು ಚಳಿಗಾಲ ಶುರುವಾಯ್ತು ಅಂದ್ರೆ ಕ್ಯಾರವಾನಿನವರೆಲ್ಲ ಅಲ್ಲೇ ಬೀಡು ಬಿಡ್ತಾರಂತೆ. ಆ ಜನರೇಟರು, ಆ ಬಣ್ಣದ ದೀಪ, ಆ ನಾಯಿಮರಿಗಳು. ಅದೂ ಹೋಯ್ತು.

ಆಮೇಲೆ ಸ್ಮಶಾನ. ಪೂರ್ತಿ ಕತ್ತಲೆ, ಪೂರ್ತಿ ಬಯಲು. ಕ್ಲೆಮ್ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತರೆ ಅವನೂ ಬೇಡ ಅನ್ನಲ್ಲ. ಶನಿವಾರ ಶನಿವಾರ ಹೋಗಿ ನೀರು ಹಾಕಿ ಬರ್ತೀನಿ, ನಿನಗೆ ಹೇಳಿರಲಿಲ್ಲ. ಆದರೆ ಅಲ್ಲೂ ಗೇಟಿದೆ. ಸತ್ತವರಿಗೂ ಗೇಟು ಹಾಕೋ ಊರು ಇದು.

ಲೆಸ್ಟರ್ ಆವತ್ತು ಹೋಗೋ ಮುಂಚೆ ಇಳಿದು ಬಂದು ನನ್ನನ್ನ ಎಬ್ಬಿಸಿದ, ಏನು ಹುಡುಕ್ತಿದ್ದೀಯ ಅಂದ. ಹೇಳಿದೆ. ಅವನು ಟೋಪಿ ತೆಗೆದು ತಲೆ ಕೆರ್ಕೊಂಡ. ‘ಅಲ್ಲ, ಕ್ಲೆಮ್ ಗುಡ್ಡ ಇದೆಯಲ್ಲ? ಅಲ್ಲಿ ಈಗ ಗೇಟೆಲ್ಲಿದೆ? ಹೊಸ ಮಾಲೀಕರು ತೆಗೆಸಿಬಿಟ್ರು. ನಾನೇ ಗುಂಡಿ ತೋಡಿ ಕಬ್ಬಿಣದ ಕಂಬಿ ಹಾಸಿದ್ದು. ಗಾಡಿ ಹೋಗತ್ತೆ, ದನ ಕಾಲಿಡಲ್ಲ. ನೀನು ನೋಡೇ ಇಲ್ವಾ?’

ನೋಡಿರಲಿಲ್ಲ. ಎಂಟು ವರ್ಷ ಆ ದಾರೀಲಿ ನಾನು ಹೋಗೇ ಇಲ್ಲ. ಅಂಚೆ ಗಾಡಿ ಓಡಿಸ್ತಿದ್ದಾಗಲೂ ಎಂಟು ಮೈಲಿ ಸುತ್ತು ಹಾಕಿ ಹೋಗ್ತಿದ್ದೆ.

ಮಾರನೇ ದಿನ ಹೋದೆ. ಹೌದು, ಗೇಟು ಇಲ್ಲ. ಎರಡು ಕಂಬ, ನಡುವೆ ಕಂಬಿ, ಅಷ್ಟೇ. ಗಾಡಿ ದಾಟುವಾಗ ಗಡಗಡ ಅಂತು. ಮೇಲೆ ಹತ್ತಿ ನಿಂತೆ. ನಮ್ಮ ಮೂರು ಕುರ್ಚಿ ಇಡ್ತಿದ್ದ ಚಪ್ಪಟೆ ಬಂಡೆ ಹಾಗೇ ಇದೆ. ಎಂಬತ್ತಾರರಲ್ಲಿ ಅಲ್ಲೇ ನಿಂತು ಹ್ಯಾಲಿ ಧೂಮಕೇತು ನೋಡಿದ್ವಲ್ಲ. ‘ಇಷ್ಟೇನಾ? ಕೋಟಿನ ಮೇಲೆ ಉಣ್ಣೆ ಎಳೆ ಅಂಟಿದ ಹಾಗಿದೆ’ ಅಂದಿದ್ದ ಕ್ಲೆಮ್. ಮೇ ತಿಂಗಳಲ್ಲಿ ಬೀಳೋದು ಅದು ಉದುರಿಸಿ ಹೋದ ಪುಡೀನೇ ಅಂತ ರೇಡಿಯೋದಲ್ಲಿ ಹೇಳಿದಾಗ, ‘ಹಾಗಾದ್ರೆ ವರ್ಷಾ ವರ್ಷಾ ಹೋಗಿ ಗುಡಿಸಬೇಕು’ ಅಂದವಳು ನೀನು. ಮೂವತ್ತು ವರ್ಷ ಗುಡಿಸಿದ್ವಿ. ಪೂರ್ವಕ್ಕೆ ಒಂದು ದೀಪ ಇಲ್ಲ, ಒಂದು ಮರ ಇಲ್ಲ. ಗುಡ್ಡ ಬೇಡ ಅಂದಿದ್ದೆ, ಗೊತ್ತು, ಆದರೆ ಇದಕ್ಕಿಂತ ಒಳ್ಳೆ ಜಾಗ ಈ ಸೀಮೆಯಲ್ಲಿ ಇಲ್ಲ ರೇಲೀನ್. ನಾನು ಎಲ್ಲ ಕಡೆ ಮಲಗಿ ನೋಡಿ ಹೇಳ್ತಿದೀನಿ.

ಮೇ ಆರು, ಸೋಮವಾರ. ಈ ಸಲ ಚಂದ್ರನ ಕಾಟ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಕೂತರೆ ಸಾಕು. ಕಣ್ಣಿನ ಚಿಂತೆ ಬೇಡ. ಉಲ್ಕೆಗಳು ಯಾವತ್ತಾದ್ರೂ ನಾವು ನೆಟ್ಟು ನೋಡ್ತಿದ್ದ ಕಡೆ ಬಿದ್ದಿದ್ದುಂಟಾ? ಯಾವಾಗಲೂ ಕಣ್ಣಂಚಲ್ಲೇ. ನಿನಗೆ ಉಳಿದಿರೋದೂ ಅದೇ.

ಹೋದ ವಾರ ಎನಿಡ್ ನಿನಗೆ ಗೊತ್ತಿಲ್ಲದ ಹಾಗೆ ಫೋನ್ ಮಾಡಿದ್ದಳು. ಎನಿಡ್, ತಪ್ಪು ತಿಳೀಬೇಡಿ, ಹೇಳಲೇಬೇಕು. ನೀನು ರಾತ್ರಿ ಎರಡು ಮೂರು ಸಲ ಎದ್ದು ಅಂಗಳದ ಗೇಟಿನ ಚಿಲಕ ಮುಟ್ಟಿ ಬರ್ತೀಯಂತೆ. ‘ಈ ಮನೇಲಿ ಒಂದು ಬೆಕ್ಕೂ ಇಲ್ಲ ಗ್ಲೆನಿಸ್, ಯಾವ ಪ್ರಾಣಿ ಆಚೆ ಹೋಗತ್ತೆ?’ ಅಂದಳು.

ನನಗೆ ಇಲ್ಲಿ ಮಾತಾಡಿಸೋಕೆ ಜನ ಇಲ್ಲ ಅಂತಲ್ಲ. ಕೀತ್ ಇದಾನೆ, ಲೆಸ್ಟರ್ ಇದಾನೆ, ರೇಡಿಯೋ ಇದೆ. ಆದರೆ ಒಂದು ಮಾತು ಇದೆ, ಅದನ್ನ ನಿನ್ನೊಬ್ಬಳಿಗೇ ಹೇಳಬೇಕು, ನಿನಗೇ ಹೇಳೋಕಾಗಲ್ಲ. ಅದರಿಂದ ಉಳಿದ ಯಾವ ಮಾತೂ ಬಾಯಿಗೆ ಬರಲ್ಲ. ಎಂಟು ವರ್ಷ ಒಬ್ಬಳೇ ಇದ್ದದ್ದು ಹೀಗೆ. ನೀನು ಬಂದಾಗ ಗುಡ್ಡದ ಮೇಲೆ ಕತ್ತಲಲ್ಲಿ ಹೇಳೋಣ ಅಂದ್ಕೊಂಡಿದ್ದೆ. ಕತ್ತಲಲ್ಲಿ ಯಾಕೆ ಅಂದ್ರೆ ನಿನ್ನ ಮುಖ ಕಾಣಲ್ಲವಲ್ಲ, ಅದಕ್ಕೆ. ಅದು ಹೇಡಿತನ. ಅದಕ್ಕೇ ಬರೀತಿದೀನಿ.

ದೇವರು ನಿನ್ನ ಕಣ್ಣಿನ ದೀಪ ಆರದ ಹಾಗೆ ಕಾಪಾಡಲಿ. ನನ್ನ ಪಾಲಿನ ನೋಟವೂ ನಿನಗೇ ಇರಲಿ ಅಂತ ದಿನಾ ಬೇಡ್ಕೊಳ್ತೀನಿ, ಇದು ಮಾತಿಗೆ ಹೇಳೋದಲ್ಲ. ಒಳ್ಳೇದಾಗಲಿ ನಿನಗೆ.

ಎಂದೆಂದೂ ನಿನ್ನ,
ಗ್ಲೆನಿಸ್

ಮರೆತದ್ದು: ಎನಿಡ್, ದಯವಿಟ್ಟು ಇಲ್ಲಿಗೆ ಓದೋದು ನಿಲ್ಲಿಸಿ. ಮುಂದಿನ ಹಾಳೆಗಳನ್ನ ಭೂತಗನ್ನಡಿ ಜೊತೆ ರೇಲೀನ್ ಕೈಗೆ ಕೊಡಿ. ಕರಿ ಮಾರ್ಕರಿನಲ್ಲಿ, ಇಂಚುದ್ದದ ಅಕ್ಷರದಲ್ಲಿ ಬರೆದಿದೀನಿ. ಅವಳೇ ಓದಲಿ.

ರೇಲೀನ್,

ಆವತ್ತು ನಾನು ತೊರೆ ದಾರೀಲಿ ಹೋಗಲಿಲ್ಲ.

ನಿನ್ನ ಹಿಂದೆಯೇ ಬಂದೆ.

ಗೇಟು ತೆರೆದಿತ್ತು. ನೀನು ನನಗೆ ಅಂತಲೇ ಬಿಟ್ಟು ಹೋಗಿದ್ದೆ.

ಅಷ್ಟರಲ್ಲಿ ಒಂದು ದೊಡ್ಡ ಉಲ್ಕೆ ಬಿತ್ತು. ಅದನ್ನೇ ನೋಡ್ತಾ ದಾಟಿದೆ.

ತೆರೆದದ್ದನ್ನ ತೆರೆದೇ ಬಿಟ್ಟೆ. ಅಂಚೆಯವಳ ಅಭ್ಯಾಸ. ಕೊನೆಯವಳು ನಾನೇ ಅನ್ನೋದು ಮರೆತೆ.

ಪೊಲೀಸರ ಮುಂದೆ ನೀನು ‘ಗ್ಲೆನಿಸ್, ಹಿಂದೆ ನೀನಿದ್ದೆಯಲ್ಲ?’ ಅಂದೆ. ಗೇಟು ತೆರೆದು ಬಿಟ್ಟ ಅಂಚೆಯವಳನ್ನ ಯಾರು ಕೆಲಸದಲ್ಲಿ ಇಟ್ಕೊಳ್ತಾರೆ ಅಂತ ಹೆದರಿದೆ. ‘ಇಲ್ಲ, ತೊರೆ ದಾರೀಲಿ ಹೋದೆ’ ಅಂದೆ.

ನೀನು ನಂಬಿದೆ.

ನಿನ್ನದು ಏನೂ ತಪ್ಪಿಲ್ಲ. ಯಾವತ್ತೂ ಇರಲಿಲ್ಲ. ರಾತ್ರಿ ಏಳಬೇಡ.

ಆರನೇ ತಾರೀಕು ಬಂಡೆ ಮೇಲೆ ಎರಡು ಕುರ್ಚಿ ಹಾಕಿರ್ತೀನಿ. ಒಂದು ಖಾಲಿ ಉಳಿದ್ರೆ ಯಾಕೆ ಅಂತ ಕೇಳಲ್ಲ.