ಕಾಯುತ್ತೇವೆ ಎಂದವರ ಕಡತ ಮುಚ್ಚಿದ್ದು ಯಾಕೆ?

ಮುಖ್ಯ ವೈದ್ಯಾಧಿಕಾರಿಗಳೇ,

ನನ್ನ ಅಪ್ಪ ಚಿಕಿತ್ಸೆ ನಿರಾಕರಿಸಿಲ್ಲ. ಏಳು ತಿಂಗಳಿಂದ ಹಾಗೆಂದು ಹೇಳುತ್ತಿರುವುದು ನಿಮ್ಮ ಆಸ್ಪತ್ರೆಯ ಕಂಪ್ಯೂಟರ್. ಅದರ ಮಾತು ನಂಬಿ ನೀವು ಅವರ ಕಡತ ಮುಚ್ಚಿದ್ದೀರಿ. ಎಪ್ಪತ್ತಾರು ವರ್ಷದ ಮನುಷ್ಯ, ತಲೆಯೊಳಗಿನ ಗೆಡ್ಡೆ ಬೆಳೆದಿದೆಯೋ ಇಲ್ಲವೋ ತಿಳಿಯದೆ, ಈಗ ಗೋಡೆ ಹಿಡಿದು ನಡೆಯುತ್ತಿದ್ದಾರೆ. ನಿಮಗೆ ಮೂರು ಪತ್ರ ಬರೆದೆ. ಮೂರಕ್ಕೂ ಸ್ವೀಕೃತಿಯ ಮುದ್ರೆ ಅಚ್ಚುಕಟ್ಟಾಗಿ ಬಿದ್ದಿದೆ. ಹಾಗಾಗಿ ನಾಲ್ಕನೆಯದು ಎಲ್ಲರ ಕಣ್ಣೆದುರು.

ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಯಂತ್ರಕ್ಕೆ ಕಿವಿ ಕೊಟ್ಟು, ಚಕ್ರ ತಿರುಗಿಸಿ, ಎಲ್ಲಿ ಸವೆದಿದೆ ಎಂದು ಹೇಳುತ್ತಾರೆ. ಒಂದು ವರ್ಷ ಅವರು ಮೈ ತಿರುಚಿ ಎಡಗಿವಿ ಕೊಡುತ್ತಿದ್ದುದನ್ನು ನೋಡಿ ಕತ್ತು ಹಿಡಿದಿದೆ ಎಂದುಕೊಂಡೆವು. ಕತ್ತಲ್ಲ, ಬಲಗಿವಿಯ ನರದ ಮೇಲೆ ಹದಿಮೂರು ಮಿಲಿಮೀಟರ್ ಗೆಡ್ಡೆ, ಅಕೂಸ್ಟಿಕ್ ನ್ಯೂರೋಮಾ. ಕ್ಯಾನ್ಸರ್ ಅಲ್ಲ. ನಿಧಾನವಾಗಿ ಬೆಳೆಯುವಂಥದ್ದು, ಕೆಲವರಲ್ಲಿ ಬೆಳೆಯದೆ ಸುಮ್ಮನಿರುವಂಥದ್ದು.

ಎರಡನೇ ಮಹಡಿಯ ಶಸ್ತ್ರವೈದ್ಯರು ತೆಗೆಯಬಹುದು ಎಂದರು. ನೆಲಮಾಳಿಗೆಯ ವಿಕಿರಣ ತಜ್ಞರು ತೆರೆಯುವುದೇ ಬೇಡ, ಕಿರಣದಿಂದ ತಡೆಯೋಣ ಎಂದರು. ಇಬ್ಬರೂ ಒಳ್ಳೆಯವರು. ಒಬ್ಬರನ್ನೊಬ್ಬರು ನೋಡಿದ್ದಾರೋ ಇಲ್ಲವೋ ತಿಳಿಯದು. ನಡುವಿನ ಮೆಟ್ಟಿಲಲ್ಲಿ ಅವರ ಅಭಿಪ್ರಾಯಗಳನ್ನು ಹೊತ್ತು ಹತ್ತಿಳಿದದ್ದು ನಾನು. ಕಿರಣ ಕೊಟ್ಟರೂ ಆ ಕಿವಿಯಲ್ಲಿ ಉಳಿದಿರುವ ಕೇಳುವ ಶಕ್ತಿ ಕ್ರಮೇಣ ಹೋಗಬಹುದು. ಕತ್ತರಿಸಿದರೆ ಪಕ್ಕದಲ್ಲೇ ಮುಖದ ನರ.

"ತುಟಿ ಸರಿಯಾಗಿ ಮುಚ್ಚದೆ ಇರಬಹುದು," ಎಂದರು ಶಸ್ತ್ರವೈದ್ಯರು.

"ಹಾಗಾದ್ರೆ ತಿರುಪು ಎಲ್ಲಿಡ್ಲಿ?" ಅಪ್ಪ ಕೇಳಿದರು. ಎರಡೂ ಕೈ ಯಂತ್ರದೊಳಗಿರುವಾಗ ಬಿಚ್ಚಿದ ಸಣ್ಣ ತಿರುಪುಗಳನ್ನು ಅವರು ಹಿಡಿದುಕೊಳ್ಳುವುದು ತುಟಿಯಲ್ಲಿ.

"ಒಂದು ಡಬ್ಬೀಲಿ ಇಡಿ ಯಜಮಾನ್ರೇ."

"ನಿಮಗಾದ್ರೆ ಪಕ್ಕದಲ್ಲಿ ನರ್ಸ್ ಇರ್ತಾರೆ ಡಾಕ್ಟ್ರೇ. ನನಗೆ ತುಟಿನೇ ನರ್ಸು."

ವೈದ್ಯರು ನಕ್ಕರು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು: "ಈ ವಯಸ್ಸಿಗೆ, ಈ ಅಳತೆಗೆ, ಕಾಯೋದೂ ಒಂದು ದಾರಿನೇ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಬೆಳೆದಿದ್ರೆ ಆಗ ಮಾತಾಡೋಣ."

ಮೂರು ಭಾನುವಾರ ಮನೆಯಲ್ಲಿ ಇದೇ ಚರ್ಚೆ. "ಕಿತ್ತು ಹಾಕಿಸ್ಕೊಂಡ್ಬಿಡಪ್ಪ, ತಲೇಲಿ ಇಟ್ಕೊಂಡು ಕೂರೋದೇನು," ಎಂದು ಅಣ್ಣ ಫೋನಿನಲ್ಲಿ ಹೇಳಿದ. "ನಿನ್ನ ತಲೆ ಅಲ್ವಲ್ಲ, ಅದಕ್ಕೇ ಧೈರ್ಯ ಜಾಸ್ತಿ," ಎಂದರು ಅಪ್ಪ. ಕೊನೆಗೆ ಕಾಯುವುದು ಎಂದು ಅವರೇ ತೀರ್ಮಾನಿಸಿದರು. ಅದನ್ನು ದಾಖಲಿಸಲು ನಿಮ್ಮ ಕೌಂಟರಿಗೆ ಹೋದೆ.

"ಆಪರೇಷನ್ನಾ, ರೇಡಿಯೇಷನ್ನಾ ಮೇಡಂ?"

"ಎರಡೂ ಅಲ್ಲ. ಕಾಯ್ತೀವಿ. ಡಾಕ್ಟ್ರೇ ಹೇಳಿದಾರೆ."

"ಕಾಯೋದಕ್ಕೆ ಇದ್ರಲ್ಲಿ ಜಾಗ ಇಲ್ಲ. ಮೂರನೇದು 'ನಿರಾಕರಣೆ' ಅಂತಿದೆ, ಅದನ್ನೇ ಒತ್ತುತೀನಿ. ಎಲ್ಲರಿಗೂ ಹಾಗೇ ಮಾಡೋದು. ಇಲ್ಲೊಂದು ಸೈನ್ ಹಾಕಿ."

ಹಾಕಿದೆ. ನಾನು ಶಾಲಾ ಶಿಕ್ಷಕಿ, ಇಪ್ಪತ್ತೆರಡು ವರ್ಷಗಳಿಂದ ಬಹು ಆಯ್ಕೆಯ ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದೇನೆ. ಸರಿಯುತ್ತರವನ್ನೇ ಬಿಟ್ಟು ಪ್ರಶ್ನೆ ಅಚ್ಚು ಹಾಕಿದರೆ ನಮ್ಮಲ್ಲಿ ಎಲ್ಲ ಮಕ್ಕಳಿಗೂ ಪೂರ್ತಿ ಅಂಕ ಕೊಡುತ್ತೇವೆ. ನೀವು ರೋಗಿಯನ್ನು ಹೊರಗೆ ಹಾಕುತ್ತೀರಿ.

ಆರು ತಿಂಗಳಿಗೆ ಸರಿಯಾಗಿ ಸ್ಕ್ಯಾನಿಗೆ ಹೋದೆವು. ನಿರಾಕರಿಸಿದವರಿಗೆ ಮುಂದಿನ ಸ್ಕ್ಯಾನ್ ಇಲ್ಲವಂತೆ. ಹೊಸ ರೋಗಿಯಾಗಿ ನೋಂದಾಯಿಸಿಕೊಂಡರೆ ಸರದಿ ನಾಲ್ಕು ತಿಂಗಳು. ಹಳೆಯ ಚಿತ್ರಗಳು ಮುಚ್ಚಿದ ಕಡತದ ಜೊತೆ ದಾಸ್ತಾನಿಗೆ ಹೋಗಿವೆಯಂತೆ, ತೆಗೆಯಲು ನಿಮ್ಮ ಅನುಮತಿ ಬೇಕಂತೆ. ಹೊಸ ಚಿತ್ರವನ್ನು ಯಾವುದರ ಪಕ್ಕ ಇಟ್ಟು ನೋಡಬೇಕು? ಬೆಳೆದಿದೆಯೇ ಎಂಬುದೊಂದೇ ನಮ್ಮ ಪ್ರಶ್ನೆಯಾಗಿರುವಾಗ, ಒಂದೇ ಅಳತೆ ಯಾವ ಉತ್ತರ ಕೊಡುತ್ತದೆ? ಅಪ್ಪ ಈಗ ನಡೆಯುವಾಗ ಬಲಕ್ಕೆ ವಾಲುತ್ತಾರೆ. ಗೆಡ್ಡೆಯಿಂದಲೋ ವಯಸ್ಸಿನಿಂದಲೋ, ಹೇಳುವವರಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಮೂರು ಭಾನುವಾರಗಳಲ್ಲಿ ಒಂದು ಅನುಮಾನ ನನ್ನನ್ನು ಬಿಡಲಿಲ್ಲ: ಕಾಯುವುದು ಅಪ್ಪನ ಒಳಿತಿಗೋ, ನಿರ್ಧರಿಸುವ ಕಷ್ಟದಿಂದ ನಾನು ತಪ್ಪಿಸಿಕೊಳ್ಳುವುದಕ್ಕೋ? ನಿಮ್ಮ ಪರದೆಯ ಮೇಲಿನ ಆ ಪದ ನನಗೆ ಅಷ್ಟು ನಾಟಿದ್ದು ಅದಕ್ಕೇ ಇರಬೇಕು. ಆದರೆ ಕಾಯುವುದೆಂದರೆ ಕಣ್ಣು ಮುಚ್ಚಿ ಕೂರುವುದಲ್ಲ, ಕಣ್ಣು ತೆರೆದಿರುವುದು. ಆ ಕಣ್ಣನ್ನು ಮುಚ್ಚಿದವರು ನೀವು.

ಕಡತ ತೆರೆಸಿ. ಹಳೆಯ ಚಿತ್ರಗಳನ್ನು ಎರಡನೇ ಮಹಡಿಗೆ ಕಳಿಸಿ. ಈ ವಾರದೊಳಗೆ ಅಪ್ಪನ ಸ್ಕ್ಯಾನ್ ಮಾಡಿಸಿ. 'ಎಲ್ಲರಿಗೂ ಹಾಗೇ' ಎಂದು ಗುಮಾಸ್ತರು ಹೇಳಿದ ಆ ಎಲ್ಲರನ್ನೂ ಹುಡುಕಿ ಕರೆಸಿ. ತಾವು ನಿರಾಕರಿಸಿದ್ದೇವೆಂದು ಅವರಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ. ಈ ಪತ್ರಕ್ಕೆ ಉತ್ತರ ಬರೆಯಬೇಡಿ, ಸ್ಕ್ಯಾನಿನ ತಾರೀಖು ಬರೆಯಿರಿ.

ಇಂತಿ,
ಓದದೆ ಸಹಿ ಹಾಕಿದ ಒಬ್ಬ ಶಿಕ್ಷಕಿ