ಹೆಡ್ಡಿನ ಇನ್ನೊಂದು ತುದಿ

ಭಾವ,

ನೀವು ತೀರಿಕೊಂಡಾಗಿನಿಂದ ಶೆಡ್ಡಿನ ಮೂಲೆಯಲ್ಲಿ ನಿಂತಿದ್ದ ನಿಮ್ಮ ಕಾರಿನ ಎಂಜಿನ್ ಇವತ್ತು ಬಿಚ್ಚಿದೆ. ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂತ ಆ ಭಾರದ ಸಿಲಿಂಡರ್ ಹೆಡ್ ಜಪ್ಪಯ್ಯ ಅಂದರೂ ಏಳಲಿಲ್ಲ. ಮರದ ಸುತ್ತಿಗೆಯಲ್ಲಿ ತಟ್ಟಿದೆ, ಬೈದೆ, ಸುಸ್ತಾಗಿ ಕೂತೆ. ಆಮೇಲೆ ನೋಡಿದರೆ ಎಣ್ಣೆಜಿಡ್ಡಿನ ಅಡಿಯಲ್ಲಿ ಒಂದು ಬೋಲ್ಟು ಹಾಗೇ ಉಳಿದಿತ್ತು. “ಎಲ್ಲಾ ಬಿಚ್ಚಿದ್ಯೇನೋ?” ಎಂದು ನೀವು ಪ್ರತಿ ಸಲ ಕೇಳುತ್ತಿದ್ದಿರಿ, “ನನಗೇನು ಕಣ್ಣಿಲ್ವಾ?” ಎಂದು ನಾನು ಸಿಡುಕುತ್ತಿದ್ದೆ. ಇವತ್ತು ಯಾರೂ ಕೇಳಲಿಲ್ಲ.

ಬೋಲ್ಟು ತೆಗೆದವನು ಅಭ್ಯಾಸಬಲದಿಂದ “ಆ ಕಡೆ ಹಿಡ್ಕೊಳ್ಳಿ ಭಾವ” ಅಂದುಬಿಟ್ಟೆ. ಚಹಾ ತಂದಿದ್ದ ಅಕ್ಕ ಲೋಟ ಕೆಳಗಿಟ್ಟು ಬಂದಳು.

“ಅವರು ಎಲ್ಲಿ ಹಿಡ್ಕೋತಿದ್ರು?”

ತೋರಿಸಿದೆ. “ಬಟ್ಟೆ ಮಸಿಯಾಗುತ್ತೆ ಕಣೇ” ಎಂದರೆ ಕೇಳಲಿಲ್ಲ. ಇಬ್ಬರೂ ಸೇರಿ ಎತ್ತಿದೆವು.

ಹೆಡ್ಡು ಬೆಂಚಿನ ಮೇಲೆ ಕೂತ ಮೇಲೂ ಅವಳ ಕೈ ಅಲ್ಲೇ ಇತ್ತು. ನಾನು ಕೆಳಗಿದ್ದ ಚಹಾದ ಲೋಟ ಎತ್ತಿಕೊಂಡೆ.