ಯೂರಿಯಾ ಚೀಲದ ಮೇಲಿನ ಬುದ್ಧ

ಖಾಲಾಳ ಮಗ ಸರ್ಮದ್‌ಗೆ, ಸಬೀಹಾಳ ಸಲಾಂ.

ನಿಶ್ಚಿತಾರ್ಥವಾದ ಮೇಲೆ ನಿನ್ನನ್ನು ಹೀಗೆ ಕರೆದದ್ದಿಲ್ಲ. ಇನ್ನು ಮುಂದೆ ನೀನು ಅಮ್ಮಿಯ ಅಕ್ಕನ ಮಗ, ಅಷ್ಟೇ. ಉಂಗುರವನ್ನು ಅಬ್ಬಾ ನಿನ್ನೆಯೇ ನಿಮ್ಮ ಮನೆಗೆ ಮುಟ್ಟಿಸಿದರು. ನೀನು ಜಾಮೀನಿನ ಮೇಲೆ ಮನೆಗೆ ಬಂದಿದ್ದೀಯೆಂದು ಅವರೇ ಹೇಳಿದರು. ಎದುರು ಕೂತು ಮಾತಾಡಿದರೆ ನೀನು ನಗುತ್ತೀಯ, ನೀನು ನಕ್ಕರೆ ನಾನು ಮೆತ್ತಗಾಗುತ್ತೇನೆ. ಅದಕ್ಕೇ ಈ ಕಾಗದ.

ಚಳಿ ಹಿಡಿಯುವ ಹೊತ್ತಿಗೆ ನಾನು ಪರೀಕ್ಷೆಗೆ ಓದಲು ಕೂತೆ. ಪ್ರಾಚೀನ ಏಷ್ಯಾದ ಕಲೆ: ಸಿಂಧೂ ಕಣಿವೆಯ ಮುದ್ರೆಗಳಿಂದ ಹಿಡಿದು ಚೀನಾದ ಗೋರಿಗಳಲ್ಲಿ ನಿಂತ ಮಣ್ಣಿನ ಸೈನಿಕರವರೆಗೆ. ಕೋಣೆ ಕತ್ತಲು ಮಾಡಿ ತೆರೆಯ ಮೇಲೆ ಒಂದೊಂದೇ ಚಿತ್ರ ಬಿಡುತ್ತಾರೆ. ಕೆಳಗೆ ಹೆಸರಿಲ್ಲ, ಊರಿಲ್ಲ. ಎಲ್ಲಿಯದು, ಯಾವ ಕಾಲದ್ದು, ಯಾವುದರಿಂದ ಮಾಡಿದ್ದು, ನಿನಗೆ ಹೇಗೆ ಗೊತ್ತಾಯಿತು ಎಂಬುದನ್ನೆಲ್ಲ ಮುಂದಿನ ಚಿತ್ರ ಬರುವುದರೊಳಗೆ ಬರೆಯಬೇಕು. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ ಎಂದು ನಾನು ಗೋಳಾಡಿದಾಗ ನೀನು ಅಮ್ಮಿ ಕೊಟ್ಟ ಚಹಾ ಹೀರುತ್ತ ಅಂಗಳದ ಮಂಚದ ಮೇಲೆ ಕೂತಿದ್ದೆ. "ಅಯ್ಯೋ ಪ್ರೊಫೆಸರ್ ಸಾಹಿಬಾ, ಇಷ್ಟಕ್ಕೆ ಅಳೋದಾ? ನಾನು ಫೋಟೋ ತೋರಿಸ್ತೀನಿ, ನೀನು ಹೇಳು. ಲಾರಿ ಓಡಿಸೋನ ಕೈಲಿ ಪಾಠ ಹೇಳಿಸ್ಕೊಂಡ ಮೊದಲನೇ ಎಂ.ಎ. ನೀನೇ ಆಗ್ತೀಯ" ಎಂದೆ. ಅಮ್ಮಿಗೆ ನಗು ತಡೆಯಲಾಗಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದು ನಿನಗೆ ಗೊತ್ತಿತ್ತು.

ಮೊದಮೊದಲು ನೀನು ನನ್ನ ಪುಸ್ತಕದ ಚಿತ್ರಗಳನ್ನೇ, ಬರಹದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ ತೋರಿಸಿದೆ. ಆಮೇಲೆ ಫೋನಿನಲ್ಲಿ ತರತೊಡಗಿದೆ. ಒಂದು ಚೀನಾದ ಕಂಚಿನ ಪಾತ್ರೆ, ಒಂದು ಮಥುರೆಯ ಕೆಂಪುಕಲ್ಲಿನ ಯಕ್ಷಿ, ಅವುಗಳ ನಡುವೆ ನಮ್ಮ ಕಡೆಯ ಬೂದುಗಲ್ಲಿನ ಬೋಧಿಸತ್ವ. ಬರಬರುತ್ತ ಚೀನಾ ಹೋಯಿತು, ಮಥುರೆ ಹೋಯಿತು. ಉಳಿದದ್ದು ನಮ್ಮ ಗಾಂಧಾರ ಮಾತ್ರ. ನಮ್ಮದೇ ತಕ್ಷಶಿಲೆಯಲ್ಲವೇ, ಇದನ್ನೇ ಹೆಚ್ಚು ಕೇಳುತ್ತಾರೆಂದು ನೀನು ಲೆಕ್ಕ ಹಾಕಿರಬೇಕು ಎಂದುಕೊಂಡೆ. ನಾನು ಉತ್ತರ ಹೇಳಿದ ಮೇಲೆ ನೀನು "ಖಂಡಿತಾನಾ?" ಎನ್ನುತ್ತಿದ್ದೆ. ಖಂಡಿತ ಎಂದರೆ ಯಾವುದೋ ಕರೆ ಬಂದಂತೆ ಎದ್ದು ಬೀದಿ ಬಾಗಿಲಿಗೆ ಹೋಗುತ್ತಿದ್ದೆ. ಫೋನು ಮಾತ್ರ ಬಡಿದುಕೊಂಡದ್ದನ್ನು ನಾನು ಕೇಳಿರಲಿಲ್ಲ.

ನನ್ನ ತಲೆಗೆ ಹುಳ ಬಿಟ್ಟವಳು ಗುಲ್ಮೀನಾ. ಮರ್ದಾನ್ ಕಡೆಯ ಹುಡುಗಿ, ನನ್ನ ಜೊತೆ ಓದುವವಳು. ಆ ದಿನ ನಮ್ಮ ಮನೆಗೆ ಬಂದಿದ್ದಳು, ನೀನು ಅವಳಿಗೂ ಒಂದು ಚಿತ್ರ ತೋರಿಸಿದೆ. ನೀನು ಹೋದ ಮೇಲೆ ಅವಳು ಮೂಲಂಗಿ ಪರಾಠ ಮುರಿಯುತ್ತ, "ಸಬೀ, ನೀನು ಮೂರ್ತಿಯ ಮುಖ ನೋಡ್ತಿದ್ದೆ. ನಾನು ಕೆಳಗಡೆ ನೋಡಿದೆ. ಯಾವ ಮ್ಯೂಸಿಯಂನಲ್ಲೇ ಯೂರಿಯಾ ಚೀಲದ ಮೇಲೆ ಬುದ್ಧನ್ನ ಕೂರಿಸ್ತಾರೆ?" ಎಂದಳು. ನಾನು ರೇಗಿದೆ. ಅವಳು ಪರಾಠ ತಿಂದು ಮುಗಿಸಿದಳು.

ಅಲ್ಲಿಂದ ನನ್ನ ಓದು ಕೆಟ್ಟಿತು, ಕಣ್ಣು ಮಾತ್ರ ಚುರುಕಾಯಿತು. ನಿನ್ನ ಮುಂದಿನ ಚಿತ್ರಗಳಲ್ಲಿ ಮೂರ್ತಿಯನ್ನು ಬಿಟ್ಟು ಸುತ್ತಲಿದ್ದದ್ದನ್ನೆಲ್ಲ ನೋಡಿದೆ. ಒಂದರಲ್ಲಿ ಹಸಿ ಮಣ್ಣು. ಇನ್ನೊಂದರ ಅಂಚಿನಲ್ಲಿ ಯಾರದೋ ಪ್ಲಾಸ್ಟಿಕ್ ಚಪ್ಪಲಿ. "ಇದು ಯಾವ ಪುಸ್ತಕದ್ದು?" ಎಂದರೆ ನೀನು "ಇಂಟರ್ನೆಟ್ಟಿನದಮ್ಮಾ" ಎಂದೆ. ನನಗೂ ಕಳಿಸು ಎಂದರೆ, ಆಗಲೇ ಅಳಿಸಿಬಿಟ್ಟೆ ಎಂದೆ. ಒಮ್ಮೆ ನೀನು ಬಾಯಿ ತಪ್ಪಿ "ಇಂಥದಕ್ಕೆ ಏನು ಬೆಲೆ ಇರಬಹುದು?" ಎಂದು ಕೇಳಿದೆ. "ಪರೀಕ್ಷೆಯಲ್ಲಿ ಬೆಲೆ ಕೇಳಲ್ಲ ಸರ್ಮದ್" ಎಂದೆ ನಾನು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡವನಂತೆ ನೀನು ಬೇಡದ ಮಾತೆಲ್ಲ ಆಡಿದೆ: ಲಾರಿಯ ಟೈರು, ಮರ್ದಾನ್ ರಸ್ತೆಯ ಗುಂಡಿ, ಗೆಳೆಯನ ಮದುವೆ.

ಸಂಶಯ ಎಷ್ಟು ಕೆಟ್ಟದ್ದು ನೋಡು, ಅದು ಮುಂದಕ್ಕಷ್ಟೇ ಅಲ್ಲ, ಹಿಂದಕ್ಕೂ ಹರಿಯುತ್ತದೆ. ಬಿ.ಎ. ಆದ ಮೇಲೆ ಸಾಕು ಎಂದು ಅಬ್ಬಾ ಪಟ್ಟು ಹಿಡಿದಾಗ ಇಡೀ ಮನೆಯಲ್ಲಿ ನನ್ನ ಪರವಾಗಿ ನಿಂತವನು ನೀನೊಬ್ಬನೇ. "ಓದಲಿ ಬಿಡಿ ಖಾಲೂ. ಮದುವೆಗೆ ನಾನು ಕಾಯ್ತೀನಿ, ಹಳೇ ಕಲ್ಲುಗಳು ಕಾದಿಲ್ವಾ?" ಎಂದಿದ್ದೆ. ಅಬ್ಬಾ ನಕ್ಕು ಒಪ್ಪಿದರು. ಆ ಮಾತನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಈಗ ಅದನ್ನೂ ತಿರುಗಿಸಿ ತಿರುಗಿಸಿ ನೋಡುವಂತಾಯಿತು. ನಮ್ಮ ತಸ್ನೀಮ್ ಮೇಡಂ ಯಾವಾಗಲೂ ಹೇಳುತ್ತಾರೆ, "ಮುಖ ಎಲ್ಲರೂ ಚೆನ್ನಾಗಿ ಮಾಡ್ತಾರೆ. ಬೆನ್ನು ನೋಡಿ. ನಕಲಿ ಮಾಡೋನು ಬೆನ್ನಿಗೆ ಅಷ್ಟು ಶ್ರಮ ಪಡಲ್ಲ."

ಪರೀಕ್ಷೆಗೆ ಮುಂಚಿನ ವಾರ ನೀನು ಆ ಬುದ್ಧನ ಗಾರೆಯ ತಲೆಯ ಚಿತ್ರ ತೋರಿಸಿದೆ. ಅರ್ಧ ಮುಚ್ಚಿದ ಕಣ್ಣು, ಅಲೆಅಲೆಯಾದ ಕೂದಲು, ತುಟಿಯ ಸಂದಿನಲ್ಲಿ ಇನ್ನೂ ಉಳಿದ ಕೆಂಪು. ಕೆನ್ನೆಯ ಮೇಲೆ ಬೇರುಗಳು ಹಬ್ಬಿ ಬಿಟ್ಟುಹೋದ ಸಣ್ಣ ಗೀರುಗಳು. ಅಂಥದನ್ನು ಯಾರೂ ಕೈಯಿಂದ ಮಾಡಲಾರರು. ಕುತ್ತಿಗೆಯಲ್ಲಿ ಮಾತ್ರ ಬಿಳಿಬಿಳಿ, ಹೊಸದಾಗಿ ಕಡಿದ ಗಾಯ. ಅಸಲಿ ಎಂದು ನನಗೆ ಗೊತ್ತಾಯಿತು. ಆದರೂ ನೀನು ಏನು ಮಾಡುತ್ತೀಯೆಂದು ನೋಡಲು ಆಕಳಿಸುತ್ತ ಹೇಳಿದೆ: "ನಕಲಿ. ಚಹಾ ನೀರಲ್ಲಿ ಅದ್ದಿ ತಿಪ್ಪೇಲಿ ಹೂತು ತೆಗೆದಿದ್ದಾರೆ."

"ಸರಿಯಾಗಿ ನೋಡೇ!" ನೀನು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

"ನೋಡಿದೆ. ಪರೀಕ್ಷೆ ನಂದಲ್ವಾ, ನೀನ್ಯಾಕೆ ಬೆವರ್ತೀಯ?"

ನೀನು ನಕ್ಕೆ. ಆ ನಗು ಕಣ್ಣಿನವರೆಗೆ ಬರಲಿಲ್ಲ.

ಪರೀಕ್ಷೆ ಮುಗಿಸಿ ಹೊರಬಂದಾಗ ಗೇಟಿನ ಹತ್ತಿರ ಮೋಟಾರ್ ಸೈಕಲ್ಲಿಗೆ ಒರಗಿ ನೀನು ನಿಂತಿದ್ದೆ, ಕೈಯಲ್ಲಿ ಮಿಠಾಯಿ ಡಬ್ಬ. ತೆಗೆದರೆ ಒಳಗೆ ಹತ್ತಿಯಲ್ಲಿ ಸುತ್ತಿದ ಅದೇ ತಲೆ. "ಬಜಾರಿನಲ್ಲಿ ಸಿಕ್ತು. ನಕಲಿ ಅಂತ ನೀನೇ ಅಂದ್ಯಲ್ಲ, ಮೇಜಿನ ಮೇಲೆ ಇಟ್ಕೋ. ಪ್ರೊಫೆಸರ್ ಸಾಹಿಬಾಗೆ ಬಡ ಲಾರಿಯವನ ಕಾಣಿಕೆ" ಎಂದೆ. ನಾನು ಶುಕ್ರಿಯಾ ಎಂದೆ. ನನ್ನ ಸುಳ್ಳು ನಿನ್ನ ಸುಳ್ಳನ್ನು ನೇರವಾಗಿ ನನ್ನ ಮಡಿಲಿಗೆ ತಂದುಹಾಕಿತ್ತು.

ಮನೆಯಲ್ಲಿ ಅಮ್ಮಿ ಬಗ್ಗಿ ನೋಡಿ, "ಇದೇನೇ, ಮನೆಗೆ ಬುತ್ ತಂದಿದೀಯ" ಎಂದು ವಿಗ್ರಹ ಕಂಡವಳೇ ಮೊದಲು ಹೌಹಾರಿದಳು. ಆಮೇಲೆ ಇನ್ನೂ ಹತ್ತಿರ ಬಂದು, "ಪಾಪ, ಹಾಲು ಕುಡಿದು ನಿದ್ದೆ ಹೋದ ಮಗು ಥರ ಇದೆ" ಎಂದಳು. ನಾನು ತಲೆಯನ್ನು ತಿರುಗಿಸಿದೆ. ಹಿಂಬದಿ ಒರಟಾಗಿತ್ತು, ಗೋಡೆಗೆ ಅಂಟಿಸಿದ್ದ ಭಾಗ. ಅಲ್ಲಿ ಗಾರೆಯೊಳಗಿನ ಮಣ್ಣಿನಲ್ಲಿ ಯಾರದೋ ಬೆರಳುಗಳ ಗುರುತು, ಒತ್ತಿದವನು ಈಗಷ್ಟೇ ಕೈ ತೊಳೆಯಲು ಎದ್ದು ಹೋದಂತೆ. ನನ್ನ ಬೆರಳನ್ನು ಅದರಲ್ಲಿ ಇಟ್ಟು ನೋಡಿದೆ. ನನ್ನದಕ್ಕಿಂತ ಸಣ್ಣ ಬೆರಳು.

ಮರುದಿನ ಡಬ್ಬ ಹಿಡಿದು ತಸ್ನೀಮ್ ಮೇಡಂ ಹತ್ತಿರ ಹೋದೆ, ಅವರು ಪುರಾತತ್ವದ ಅಧಿಕಾರಿಯ ಬಳಿ ಕರೆದೊಯ್ದರು. ದಾರಿಯಲ್ಲಿ ಅವರು ನನ್ನ ಮುಖ ನೋಡದೆ, "ಹಳ್ಳದ ದಂಡೇಲಿ ಸಿಕ್ತು ಅಂದ್ರೂ ಅವರು ತಗೋತಾರೆ ಮಗೂ. ಯೋಚನೆ ಮಾಡಿ ಹೇಳು" ಎಂದರು. ಯೋಚನೆ ಮಾಡಿದೆ. ಹಳ್ಳ ಎಂದರೆ ನೀನು ಉಳಿಯುತ್ತಿದ್ದೆ, ಬರುವ ಚಳಿಗಾಲಕ್ಕೆ ನಮ್ಮ ನಿಕಾಹ್ ಆಗುತ್ತಿತ್ತು. ಆಮೇಲೆ ಜೀವನವಿಡೀ ನೀನು ಚಹಾ ಕುಡಿಯುವಾಗ, ಬಾಗಿಲಿಗೆ ಎದ್ದು ಹೋಗುವಾಗ, ನಾನು ನಿನ್ನ ಬೆನ್ನು ನೋಡುತ್ತ ಕೂರಬೇಕಿತ್ತು. ನಿನ್ನ ಹೆಸರು ಹೇಳಿದೆ. ಅವನು ನಿನಗೆ ಏನಾಗಬೇಕು ಎಂದು ಕೇಳಿದ್ದಕ್ಕೆ, ನನಗೆ ಗೊತ್ತುಮಾಡಿದ ಹುಡುಗ ಎಂದೆ. ಅಧಿಕಾರಿ ಪೆನ್ನು ನಿಲ್ಲಿಸಿ ನೋಡಿದರು.

ಪೊಲೀಸರು ನಿನ್ನನ್ನು ಹಿಡಿದ ಮೇಲೆ ನೀನು ಅವರಿಗೆ ಹೇಳಿದ್ದೂ ನನ್ನ ಕಿವಿಗೆ ಬಿತ್ತು. "ನಾನು ಬರೀ ಲಾರಿಯವನು ಸಾಹೇಬ್ರೆ. ಅಸಲಿ ಯಾವುದು, ನಕಲಿ ಯಾವುದು ಅಂತ ಆರಿಸಿ ಕೊಟ್ಟಿದ್ದೆಲ್ಲ ಸಬೀಹಾ." ಅವರು ನಮ್ಮ ಮನೆಗೆ ಬಂದು ಅಬ್ಬಾನ ಎದುರಿಗೇ ಆ ಮಾತನ್ನು ಓದಿ ಹೇಳಿದರು. ನಾನು ಹೌದು ಎಂದೆ. ಯಾಕೆ, ಹೇಗೆ ಎಂದು ಮೊದಲಿನಿಂದ ಹೇಳಿದೆ. ಗುಲ್ಮೀನಾ ಬಂದು ತಾನು ನೋಡಿದ್ದನ್ನು ಹೇಳಿದಳು. ಅವರು ಹೋದ ಮೇಲೆ ಅಬ್ಬಾ ಬೀದಿ ಬಾಗಿಲು ಹಾಕಿ ಬಂದರು. ಇವಳನ್ನು ಓದಿಸಿದ್ದೇ ತಪ್ಪಾಯಿತು ಎನ್ನುತ್ತಾರೆಂದು ಕಾದೆ. "ಊಟ ಮಾಡು. ನಾಳೆ ಉಂಗುರ ಕೊಟ್ಟು ಬರ್ತೀನಿ" ಎಂದರು. ಪರೀಕ್ಷೆಯ ಫಲಿತಾಂಶ ಬಂದಿದೆ, ನನ್ನದನ್ನು ಮಾತ್ರ ವಿಚಾರಣೆ ಮುಗಿಯುವ ತನಕ ತಡೆಹಿಡಿದಿದ್ದಾರೆ. ಮುಗಿಯಲಿ, ಕಾಯುತ್ತೇನೆ.

ನಿನ್ನನ್ನು ಒಂದು ಪ್ರಶ್ನೆ ಕೇಳಬೇಕೆಂದಿದ್ದೆ. ಅಬ್ಬಾನ ಹತ್ತಿರ ನನ್ನನ್ನು ಓದಲು ಬಿಡಿ ಎಂದ ದಿನ ನಿನ್ನ ಮನಸ್ಸಿನಲ್ಲಿ ಇದ್ದದ್ದು ನಾನೋ, ಈ ವ್ಯಾಪಾರವೋ? ಆದರೆ ಕೇಳುವುದಿಲ್ಲ. ನೀನು ಯಾವ ಉತ್ತರ ಬರೆದರೂ ನಾನು ಅದನ್ನು ಬೆಳಕಿಗೆ ಹಿಡಿದು ನೋಡುತ್ತೇನೆ, ಯಾವುದನ್ನೂ ನಂಬುವುದಿಲ್ಲ. ಅಷ್ಟರಮಟ್ಟಿಗೆ ನೀನು ನನಗೆ ಕಲಿಸಿದ್ದೀಯ.

ಕೇಳುವುದು ಬೇರೆ ಇದೆ. ಆ ತಲೆಯನ್ನು ಕಡಿದ ಜಾಗವನ್ನು ನೀನು ಇನ್ನೂ ಹೇಳಿಲ್ಲವಂತೆ. ಯಾವುದೋ ಗುಡ್ಡದ ಗುಂಡಿಯೊಳಗೆ, ಗೋಡೆಗೆ ಒರಗಿ, ತಲೆಯಿಲ್ಲದ ಒಂದು ಮೈ ಕೂತಿದೆ. ಮಡಿಲಲ್ಲಿ ಕೈ ಜೋಡಿಸಿಕೊಂಡೇ ಇರಬೇಕು. ಇಷ್ಟು ಶತಮಾನ ಮಣ್ಣು ಅದನ್ನು ಕಾಪಾಡಿತು, ನೀವು ಮಣ್ಣು ತೆಗೆದಿರಿ. ಅದು ಬರೀ ಮಣ್ಣಿನ ಮೇಲೆ ಮೆತ್ತಿದ ಸುಣ್ಣದ ಗಾರೆ ಸರ್ಮದ್. ಸಾವನ್ ತಿಂಗಳ ಮಳೆ ಶುರುವಾದರೆ ಕರಗಿ ಕೆಸರಾಗುತ್ತದೆ. ನನ್ನ ಮೇಲೆ ಏನು ಬೇಕಾದರೂ ಹೇಳಿಕೋ, ನಾನು ತಡೆದುಕೊಳ್ಳುತ್ತೇನೆ. ಆ ಜಾಗ ಮಾತ್ರ ಹೇಳು. ನಿನ್ನೆಯಿಂದ ಮರ್ಗಲ್ಲಾ ಗುಡ್ಡಗಳ ಮೇಲೆ ಮೋಡ ಕಟ್ಟುತ್ತಿದೆ.

ಖಾಲಾಗೆ ನನ್ನ ಸಲಾಂ ತಿಳಿಸು, ಅವರ ಕಣ್ಣೀರಿಗೆ ನಾನೂ ಪಾಲುದಾರಳು ಎನ್ನು. ನಿಜ ಹೇಳುವಷ್ಟು ಗಟ್ಟಿ ನಾಲಿಗೆಯನ್ನು ಅಲ್ಲಾಹ್ ನಿನಗೆ ದಯಪಾಲಿಸಲಿ, ಮಳೆಗೆ ಮುಂಚೆ.

ಇಂತು,
ನಿನ್ನ ಚಿಕ್ಕಮ್ಮನ ಮಗಳು
ಸಬೀಹಾ